ಧರ್ಮದ ದಟ್ಟಿಗೆ ಹಾಕಿದ ಮೊಳ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದರು. ಸುತ್ತಿ ಬಂದದ್ದು ಮನಸ್ಸಿಗೆ ಹಿತವಾಗದೆ ಹೋದಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ಅವರು ಹೇಳಿದಂತಿಲ್ಲ. ಕನ್ನಡದ ಪ್ರವಾಸ ಸಾಹಿತ್ಯವೂ ಬಹುಮಟ್ಟಿಗೆ ಈ ಪ್ರಶ್ನೆಯನ್ನು ಬದಿಗಿರಿಸಿಯೇ ಬೆಳೆದು ಬಂದಿದೆ. ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಮೊದಲಾದ ಕೃತಿಗಳನ್ನು ಓದಿ ಬೆಳೆದ ವಾಚಕನು ಪ್ರವಾಸಿಯಿಂದ ನಿರೀಕ್ಷಿಸುವುದು ಹೊಸದರ ದರ್ಶನವನ್ನು. ಆ ದರ್ಶನದಿಂದ ಹುಟ್ಟುವ ವಿಸ್ಮಯವನ್ನು. ಸೋರುವ ಕೋಣೆ, ಆರಿದ ಅನ್ನ, ಕೆಟ್ಟು ನಿಂತ ಯಂತ್ರ ಇವು ಬರೆಯತಕ್ಕ ಸಂಗತಿಗಳಲ್ಲವೆಂಬ ಭಾವನೆ ಬರೆಯುವವರಲ್ಲಿಯೂ ಓದುವವರಲ್ಲಿಯೂ ಬೇರೂರಿದೆ. ಬರೆದರೆ ಅದು ಗೊಣಗಾಟವೆನಿಸುತ್ತದೆ.

ಭರತನು ಎಣಿಸಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ವಿಷಾದವೂ ಇದೆ, ಶಂಕೆಯೂ ಇದೆ. ಎರಡೂ ಬಂದು ಹೋಗುವ ಭಾವಗಳೇ ಹೊರತು ನೆಲೆಯಾಗಿ ನಿಲ್ಲುವಂಥವಲ್ಲ. ಕಾವ್ಯದಲ್ಲಿ ಇವು ಒಂದರೊಡನೊಂದು ಬೆರೆತು ಬಂದರೂ ಬಾಧಕವಿಲ್ಲ. ಲೋಕದಲ್ಲಿ ಹಾಗಲ್ಲ. ನಿರಾಶೆಯಿಂದ ಹುಟ್ಟಿದ ವಿಷಾದವನ್ನು ನುಂಗಿಕೊಳ್ಳುವುದು ಸಜ್ಜನಿಕೆಯ ಲಕ್ಷಣವಾದೀತು. ಆದರೆ ಅದರ ಜೊತೆಯಲ್ಲಿಯೇ ಶಂಕೆಯನ್ನೂ ನುಂಗಿದರೆ ಅದರ ಬೆಲೆಯನ್ನು ಇನ್ನಾರೋ ತೆರಬೇಕಾಗಿ ಬರಬಹುದು. ಮಾಲೇಗಾಂವಿನಲ್ಲಿ ನೆಲೆಸಿದ ಕನ್ನಡ ದಂಪತಿಗಳ ಸಮುದ್ರ ವಿಹಾರವೊಂದು ಈ ಮಾತಿಗೆ ನಿದರ್ಶನವಾಗಿದೆ.

ಮಾಲೇಗಾಂವ್ ನಾಸಿಕ ಜಿಲ್ಲೆಯ ಊರು. ಗಿರಣಾ ಮತ್ತು ಮೋಸಮ್ ನದಿಗಳ ಸಂಗಮದ ಸಮೀಪದಲ್ಲಿ, ಮುಂಬಯಿಯಿಂದ ಆಗ್ರಾದತ್ತ ಸಾಗುವ ಹೆದ್ದಾರಿಯ ಮೇಲೆ ಇದೆ. 1857ರ ದಂಗೆಯ ತರುವಾಯ ಉತ್ತರ ಹಿಂದೂಸ್ಥಾನದಿಂದ ವಲಸೆ ಬಂದ ನೇಕಾರರು ಇಲ್ಲಿ ಮಗ್ಗ ಹೂಡಿದರು. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಿತು. ಊರಿನ ಓಣಿಗಳಲ್ಲಿ ಹಗಲಿರುಳೂ ಲಾಳಿಯ ಸದ್ದು. ಸಮುದ್ರ ಇಲ್ಲಿಂದ ದೂರ. ಹಡಗೆಂಬುದು ಸಿನೆಮಾದ ಪರದೆಯ ಮೇಲೆ ಮಾತ್ರ ಕಾಣುವ ವಸ್ತು. ಇಂಥ ಊರಿಗೆ ಹೊನ್ನಾವರದ ಕಡೆಯ ತರುಣನೊಬ್ಬ ಉದ್ಯೋಗವನ್ನರಸಿ ಬಂದು, ಬಟ್ಟೆಯ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯೇ ಮುದುಕನಾದ. ಮಗ್ಗದಿಂದ ಬಂದ ಕೋರಾ ಬಟ್ಟೆಯ ಥಾನುಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು, ದೋಷಗಳನ್ನು ಚೀಟಿಯಲ್ಲಿ ಗುರುತಿಸುವುದು ಅವರ ಕೆಲಸವಾಗಿತ್ತು. ಮನೆಯ ಹೊರಗೆ ಮರಾಠಿ ಮತ್ತು ಉರ್ದು, ಮನೆಯ ಒಳಗೆ ಕನ್ನಡ. ಹೀಗೆ ನಾಲ್ವತ್ತು ವರ್ಷ ಕಳೆಯಿತು.

ಹಡಗು ಅವರಿಗೆ ಪೂರ್ಣ ಅಪರಿಚಿತವೂ ಅಲ್ಲ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕರಾವಳಿಯ ಬಡ ಹುಡುಗರು ಮುಂಬಯಿಯ ಖಾನಾವಳಿಗಳಿಗೂ ಅಂಗಡಿಗಳಿಗೂ ದುಡಿಯಲು ಹೋದದ್ದು ಆಗಬೋಟಿನಲ್ಲಿ. ಅವರ ತಂದೆಯೂ ಹಾಗೆ ಹೋದವರು. ಆಗಬೋಟು ದೂರದಲ್ಲಿ ಲಂಗರು ಹಾಕುವುದು, ದಡದಿಂದ ದೋಣಿಯಲ್ಲಿ ಹೋಗಿ ಅದನ್ನು ಹತ್ತುವುದು, ಡೆಕ್ಕಿನ ಮೇಲೆ ಗಂಟುಮೂಟೆಗಳ ನಡುವೆ ಅಂಗೈಯಗಲ ಜಾಗ ಹಿಡಿಯುವುದು, ವಾಂತಿ, ಉಪವಾಸ ಎಲ್ಲವನ್ನೂ ತಂದೆ ಮನೆಯವರೆದುರು ವರ್ಣಿಸಿದ್ದುಂಟು. ಆ ವರ್ಣನೆಯಲ್ಲಿ ದೂರು ಇರುತ್ತಿರಲಿಲ್ಲ. ಡೆಕ್ಕಿನ ಟಿಕೇಟು ಕೊಂಡವನು ಸುಖವನ್ನು ಕೊಂಡಿರಲಿಲ್ಲ. ಊರು ಮುಟ್ಟಿದರೆ ಸಾಕೆಂಬುದೇ ಅವನ ಕರಾರಾಗಿತ್ತು. ಆ ಕರಾರು ಮುರಿದ ದಿನವನ್ನೂ ತಂದೆ ನೆನೆಯುತ್ತಿದ್ದರು. 1947ರ ಜುಲೈ 17ರಂದು ಮುಂಬಯಿಯ ಭಾವೂಚಾ ಧಕ್ಕಾದಿಂದ ರೇವಸ್ ಬಂದರಿಗೆ ಹೊರಟ ‘ರಾಮದಾಸ್’ ಎಂಬ ಆಗಬೋಟು ಮಳೆಗಾಲದ ಕಡಲಿನಲ್ಲಿ ಮಗುಚಿ, 600ಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ದೂರದ ಯಾನವೂ ಅಲ್ಲ. ಕೊಲ್ಲಿಯನ್ನು ದಾಟುವ ಅಲ್ಪಕಾಲದ ಪ್ರಯಾಣ. ಮನೆಗೆ ಹೋಗುತ್ತಿದ್ದವರೇ ಹೆಚ್ಚಾಗಿ ಅದರಲ್ಲಿದ್ದರು.

ಪತ್ನಿ ಘಟ್ಟದ ಮೇಲಿನ ಸಿದ್ದಾಪುರದವರು. ಮಾವನ ಬಾಯಿಂದ ಅವರು ಕೇಳಿಸಿಕೊಂಡದ್ದು ವಾಂತಿ ಉಪವಾಸಗಳನ್ನಲ್ಲ. ಬೆಳಗಿನ ಹೊತ್ತು ಡೆಕ್ಕಿನಿಂದ ನೋಡಿದರೆ ನೆಲವೆಲ್ಲ ಒಂದು ಹಸುರು ಗೆರೆಯಾಗಿ, ಅದರ ಹಿಂದೆ ಘಟ್ಟಗಳು ನೀಲಿಯಾಗಿ ಕಾಣುತ್ತವೆಂದು ಮಾವ ಹೇಳಿದ ಮಾತು ಅವರಲ್ಲಿ ಉಳಿದಿತ್ತು. ತಾನು ಹುಟ್ಟಿದ ಘಟ್ಟವನ್ನು ಒಮ್ಮೆ ಸಮುದ್ರದ ಕಡೆಯಿಂದ ನೋಡಬೇಕೆಂಬ ಆಸೆಯನ್ನು ಅವರು ಎಂದೋ ಮಗನೆದುರು ಆಡಿದ್ದರು. ಕೆಲವು ವರ್ಷಗಳ ಹಿಂದೆ, ತಂದೆತಾಯಿಗಳ ವಿವಾಹದ ನಾಲ್ವತ್ತನೆಯ ವರ್ಷಕ್ಕೆಂದು, ಪುಣೆಯಲ್ಲಿರುವ ಮಗ ಆ ಮಾತನ್ನು ನೆನಪಿಟ್ಟು ಮೂರು ರಾತ್ರಿಗಳ ವಿಹಾರಯಾನದ ಟಿಕೇಟು ತೆಗೆದು ಕಳುಹಿಸಿದ. ಜೊತೆಗೆ ಬಂದ ಚಿತ್ರಪುಸ್ತಿಕೆಯಲ್ಲಿ ಬಿಳಿಯ ಹಡಗು, ನೀಲಿಯ ಈಜುಕೊಳ, ಹೂವಿಟ್ಟ ಹಾಸಿಗೆ ಇದ್ದವು. ಅದನ್ನು ನೆರೆಮನೆಯ ಮಕ್ಕಳೆಲ್ಲ ನೋಡಿ ಹೋದರು.

ಧಕ್ಕೆಯಲ್ಲಿ ನಿಂತ ಹಡಗು ದೂರದಿಂದ ಬಿಳಿಯಾಗಿಯೇ ಇತ್ತು. ಹತ್ತಿರ ಹೋದಂತೆ ಬಿಳುಪಿನ ಅಡಿಯಿಂದ ತುಕ್ಕಿನ ಕಂದು ಗೆರೆಗಳು ಇಳಿದು ಬಂದದ್ದು ಕಾಣಿಸಿತು. ತುಕ್ಕನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಬಣ್ಣ ಬಳಿದಿದ್ದರು. ಬಣ್ಣ ಹಪ್ಪಳದಂತೆ ಉಬ್ಬಿತ್ತು. ಕೋಣೆಯ ಛಾವಣಿಯ ತಂಪುಯಂತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಹಿಂದಿನ ಪ್ರಯಾಣಿಕರ ಕಾಲದಿಂದಲೂ ಇದ್ದಿರಬಹುದಾದ ಬಾಲ್ದಿಯೊಂದು ಇತ್ತು. ಶೌಚಾಲಯದಲ್ಲಿ ನೀರು ಹೋಗುವುದಕ್ಕೆ ಬದಲಾಗಿ ಒಮ್ಮೊಮ್ಮೆ ಮೇಲೆ ಬರುತ್ತಿತ್ತು. ಈಜುಕೊಳಕ್ಕೆ ಬಲೆ ಹೊದಿಸಿದ್ದರು. ಲಿಫ್ಟಿನ ಬಾಗಿಲಿಗೆ ಕಾಗದ ಅಂಟಿಸಿತ್ತು; ಮಂಡಿ ನೋವಿನ ಪತ್ನಿ ನಾಲ್ಕು ಅಂತಸ್ತು ಮೆಟ್ಟಿಲಿಳಿದು ಊಟಕ್ಕೆ ಹೋಗಬೇಕಾಯಿತು. ರಾತ್ರಿಯ ಸಂಗೀತದ ಅಬ್ಬರದಲ್ಲಿ ಜನ ಕುಣಿಯುತ್ತಿದ್ದರು. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಗೆ ಅರ್ಥ ಹೇಳಲು ಬೇರೆ ಉದಾಹರಣೆ ಬೇಕಿರಲಿಲ್ಲ.

ಇಲ್ಲಿಯವರೆಗಿನದು ವಿಷಾದದ ಭಾಗ. ದುಡ್ಡಿಗೆ ತಕ್ಕ ಸುಖ ದೊರೆಯಲಿಲ್ಲವೆಂಬುದಷ್ಟೇ ಅದರ ಸಾರ. ಆದರೆ ಥಾನು ನೋಡಿ ಪಳಗಿದ ಕಣ್ಣು ಅಷ್ಟಕ್ಕೇ ನಿಲ್ಲಲಿಲ್ಲ. ಎರಡನೆಯ ದಿನ ಬೆಳಗ್ಗೆ ಡೆಕ್ಕಿನ ಮೇಲೆ ತಿರುಗಾಡುವಾಗ ಆ ಹಿರಿಯರು ಪ್ರಾಣರಕ್ಷಕ ದೋಣಿಗಳನ್ನು ತೂಗು ಹಾಕಿದ ಕಬ್ಬಿಣದ ತೋಳುಗಳ ಬಳಿ ನಿಂತರು. ದೋಣಿಯನ್ನು ಕೆಳಗಿಳಿಸುವ ರಾಟೆಯ ಮೇಲೂ ಬಣ್ಣ ಬಳಿದಿತ್ತು. ತಿರುಗಬೇಕಾದ ಭಾಗಕ್ಕೂ ಅದನ್ನು ಹಿಡಿದು ನಿಂತ ಭಾಗಕ್ಕೂ ನಡುವಿನ ಸಂದು ಬಣ್ಣದಲ್ಲಿ ಮುಚ್ಚಿಹೋಗಿತ್ತು. ಬಹುಕಾಲದಿಂದ ಅದು ತಿರುಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಅದೇ. ಎಣ್ಣೆ ಕಾಣದ ಮಗ್ಗವನ್ನು ಗುರುತಿಸಬಲ್ಲವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹತ್ತಿರದಲ್ಲಿದ್ದ ನೌಕರನನ್ನು ಕೇಳಿದಾಗ ಅವನು ನಕ್ಕು, ‘ಅದರ ಚಿಂತೆ ನಿಮಗೇಕೆ ಕಾಕಾ, ಚಹ ಕುಡಿಯಿರಿ’ ಎಂದ.

ಆ ಸಂದಿನ ಬಣ್ಣ ಎಷ್ಟು ಗುರುತರವಾದುದೆಂಬುದನ್ನು ನೌಕೆಗಳ ಇತಿಹಾಸ ಹೇಳುತ್ತದೆ. 1965ರ ನವೆಂಬರ್ 13ರಂದು, ಅಮೆರಿಕದ ಮಯಾಮಿಯಿಂದ ಬಹಾಮಾ ದ್ವೀಪಗಳ ನಾಸೋ ಬಂದರಿಗೆ ವಿಹಾರಾರ್ಥಿಗಳನ್ನು ಒಯ್ಯುತ್ತಿದ್ದ ‘ಯಾರ್ಮತ್ ಕ್ಯಾಸಲ್’ ಎಂಬ ಹಡಗಿನಲ್ಲಿ ನಡುರಾತ್ರಿಯ ನಂತರ ಬೆಂಕಿ ಹತ್ತಿತು. 1927ರಲ್ಲಿ ನಿರ್ಮಾಣವಾದ ಹಳೆಯ ನೌಕೆ ಅದು. ದೋಣಿಗಳನ್ನು ಇಳಿಸುವ ಹಗ್ಗಗಳಿಗೆ ಪದರ ಪದರವಾಗಿ ಬಳಿದ ಬಣ್ಣವೇ ಅವುಗಳನ್ನು ರಾಟೆಗಳಲ್ಲಿ ಸಿಕ್ಕಿಹಾಕಿಸಿ, ಕೆಲವು ದೋಣಿಗಳು ಕೆಳಗಿಳಿಯಲೇ ಇಲ್ಲ. 90 ಮಂದಿ ಸತ್ತರು. ಹಡಗನ್ನು ಹೊಸದಾಗಿ ತೋರಿಸುವುದಕ್ಕೆ ಬಳಿದ ಬಣ್ಣ, ಹಡಗಿನಿಂದ ಪಾರಾಗುವ ದಾರಿಯನ್ನೇ ಮುಚ್ಚಿತು.

ಶೌಚಾಲಯದ ನೀರು ಮೇಲೆ ಬರುವುದನ್ನು ಕುರಿತು ದೂರುವುದಕ್ಕೆ ಸಭ್ಯರಿಗೆ ಸಂಕೋಚವಾಗುವುದು ಸಹಜ. ಆದರೆ 1991ರ ಆಗಸ್ಟ್ 4ರಂದು ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಮುಳುಗಿದ ‘ಓಷಿಯಾನೋಸ್’ ಎಂಬ ವಿಹಾರ ನೌಕೆಯ ಕಥೆ ಅಂಥ ಕೊಳವೆಗಳದೇ ಕಥೆ. ಆ ಹಡಗಿನ ನಿರ್ವಹಣೆ ಕೆಟ್ಟಿತ್ತು; ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳನ್ನು ಕಳಚಿದ್ದರು; ನೀರನ್ನು ತಡೆದು ನಿಲ್ಲಿಸಬೇಕಾದ ಒಳಗೋಡೆಯಲ್ಲಿ ರಂಧ್ರವಿತ್ತು. ಯಂತ್ರದ ಕೋಣೆಗೆ ನುಗ್ಗಿದ ಸಮುದ್ರ ಮಲಿನಜಲದ ತೊಟ್ಟಿಗೆ ಹರಿದು, ಅಲ್ಲಿಂದ ಕೊಳವೆಗಳ ಮೂಲಕ ಸ್ನಾನದ ಮನೆಗಳಲ್ಲಿಯೂ ಶೌಚಾಲಯಗಳಲ್ಲಿಯೂ ಉಕ್ಕಿ ಬಂದಿತು. ನಾಯಕನೂ ಅಧಿಕಾರಿಗಳೂ ಮುಂದಾಗಿ ಹಡಗು ಬಿಟ್ಟರು. ಹಾಡಿ ಕುಣಿಸಲು ಬಂದಿದ್ದ ಕಲಾವಿದರು ಅಪಾಯದ ಕರೆಯನ್ನು ಕಳುಹಿಸಿ, ಹೆಲಿಕಾಪ್ಟರುಗಳಿಗೆ ಪ್ರಯಾಣಿಕರನ್ನು ಏರಿಸಿಕೊಟ್ಟರು. ಅವರ ಧೈರ್ಯದಿಂದಲೂ ರಕ್ಷಕರ ನೈಪುಣ್ಯದಿಂದಲೂ 571 ಮಂದಿಯೂ ಬದುಕಿ ಉಳಿದರು. ಅಸೌಖ್ಯ ಬೇರೆ, ಅಪಾಯ ಬೇರೆ ಎಂದು ಪ್ರಯಾಣಿಕನು ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿರುತ್ತಾನೆ. ಹಡಗಿನ ಒಳಗೆ ಆ ಗೆರೆ ಇಲ್ಲ. ಎರಡಕ್ಕೂ ಮೂಲ ಒಂದೇ: ಮಾಡಬೇಕಾದ ಕೆಲಸವನ್ನು ನಾಳೆಗೆ ತಳ್ಳಿದ ಕೈ.

ಮತ್ತೊಂದು ಸಂಗತಿಯೂ ಆ ಹಿರಿಯರ ಲಕ್ಷ್ಯಕ್ಕೆ ಬಂದಿತ್ತು. ವಿಪತ್ತಿನಲ್ಲಿ ಎಲ್ಲಿ ಸೇರಬೇಕು, ರಕ್ಷಾಕವಚವನ್ನು ಹೇಗೆ ತೊಡಬೇಕು ಎಂಬ ತಾಲೀಮನ್ನು ಹೊರಟ ಮರುದಿನ ಮಧ್ಯಾಹ್ನ ನಡೆಸಿದರು. ಅರ್ಧದಷ್ಟು ಜನ ಬರಲಿಲ್ಲ. ಪತ್ನಿಗೆ ಕೊಟ್ಟ ಕವಚದ ಪಟ್ಟಿ ಕಟ್ಟುವಾಗಲೇ ಕಿತ್ತು ಬಂದಿತು. ಮರುದಿನದವರೆಗೆ ಕಾಯಬಹುದಾದ ಕೆಲಸವೇ ಅದು? 2012ರ ಜನವರಿ 13ರಂದು ಇಟಲಿಯ ಬಳಿ ‘ಕೋಸ್ತಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅಂದೇ ಹಡಗು ಹತ್ತಿದ್ದ ನೂರಾರು ಜನಕ್ಕೆ ಇನ್ನೂ ತಾಲೀಮು ಆಗಿರಲಿಲ್ಲ. ‘ಟೈಟಾನಿಕ್’ ಮುಳುಗಿದ ಬಳಿಕ 1914ರಲ್ಲಿ ಮೊದಲ ರೂಪ ಪಡೆದ, ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಈ ಕಾರಣದಿಂದ ತಿದ್ದಲಾಯಿತು. ಅಂತರರಾಷ್ಟ್ರೀಯ ಯಾನದ ಹಡಗುಗಳಲ್ಲಿ ತಾಲೀಮು ಹೊರಡುವ ಮುನ್ನ ಇಲ್ಲವೆ ಹೊರಟೊಡನೆ ನಡೆಯಬೇಕೆಂಬ ನಿಯಮ 2015ರಿಂದ ಜಾರಿಯಲ್ಲಿದೆ. ಸಮುದ್ರದ ಒಂದೊಂದು ನಿಯಮದ ಹಿಂದೆಯೂ ಹೀಗೆ ಮುಳುಗಿದ ಹಡಗೊಂದಿದೆ.

ಹಡಗು ಮುಳುಗಲಿಲ್ಲ. ಮೂರನೆಯ ಬೆಳಗ್ಗೆ ಪತ್ನಿಗೆ ಹಸುರು ಗೆರೆಯೂ ಅದರ ಹಿಂದಿನ ನೀಲಿಯೂ ಕಂಡವು. ಅದು ಸಿದ್ದಾಪುರದ ಘಟ್ಟವಲ್ಲ, ಅದಕ್ಕಿಂತ ಬಹಳ ಉತ್ತರದ್ದು. ಆದರೂ ಅವರು ಕಟಾಂಜನ ಹಿಡಿದು ಬಹಳ ಹೊತ್ತು ನಿಂತರು. ಕಟಾಂಜನದ ತುಕ್ಕು ಅಂಗೈಗೆ ಹತ್ತಿತು. ಇಳಿಯುವಾಗ ಅಭಿಪ್ರಾಯ ಬರೆಯುವ ಕಾಗದವನ್ನು ಕೊಟ್ಟರು. ಹೆಚ್ಚಿನವರು ‘ಉತ್ತಮ’ ಎಂಬಲ್ಲಿ ಗುರುತು ಹಾಕಿ ಸಾಲಿನಲ್ಲಿ ಮುಂದೆ ಸರಿದರು. ದಂಪತಿಗಳೂ ಹಾಗೆಯೇ ಮಾಡಿದರು. ಮನೆ ಮುಟ್ಟಿದ ರಾತ್ರಿ ಮಗನ ಫೋನು ಬಂದಿತು. ‘ಹೇಗಿತ್ತು ಆಯಿ?’ ಎಂಬ ಪ್ರಶ್ನೆಗೆ ತಾಯಿ, ‘ಚಲೋ ಇತ್ತು ತಮಾ, ಜನ್ಮಕ್ಕೊಂದು ಸಮುದ್ರ ನೋಡಿದ ಹಾಗಾಯ್ತು’ ಎಂದರು. ತಂದೆಯೂ ಅದನ್ನೇ ಹೇಳಿದರು.

ಈ ಉತ್ತರದಲ್ಲಿ ಕಪಟವಿರಲಿಲ್ಲ. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು’ ಎಂದು ಕನ್ನಡದ ಗಾದೆ. ಪ್ರೀತಿಯಿಂದ ಬಂದುದನ್ನು ಅಳೆಯಬಾರದು. ಅಳೆದವನು ಕೊಟ್ಟವನ ಮನಸ್ಸನ್ನು ನೋಯಿಸುತ್ತಾನೆ ಎಂಬುದು ಅದರ ತಿರುಳು. ಮಗ ಸಂಬಳದಲ್ಲಿ ಉಳಿಸಿ ತೆಗೆದುಕೊಟ್ಟ ಟಿಕೇಟಿನ ಮೇಲೆ ತಕರಾರು ಹೇಳುವುದು ಯಾವ ತಾಯಿಗೂ ಶಕ್ಯವಲ್ಲ. ಆದರೆ ಗಾದೆ ಕೊಡುವವನು, ಪಡೆಯುವವನು ಇಬ್ಬರನ್ನೇ ಗಣಿಸುತ್ತದೆ. ದಟ್ಟಿಯನ್ನು ನೇಯ್ದು ಮಾರಿದ ಮೂರನೆಯವನೊಬ್ಬನಿದ್ದಾನೆ; ಅದೇ ಅಂಗಡಿಯಿಂದ ನಾಳೆ ಕೊಳ್ಳಲಿರುವ ನಾಲ್ಕನೆಯವನೂ ಇದ್ದಾನೆ. ಮೊಳ ಹಾಕದೆ ಇದ್ದುದರ ಲಾಭ ಮೂರನೆಯವನಿಗೆ, ನಷ್ಟ ನಾಲ್ಕನೆಯವನಿಗೆ.

ನಾಲ್ಕನೆಯವರು ಯಾರೆಂಬುದು ಎರಡು ತಿಂಗಳಲ್ಲಿ ತಿಳಿಯಿತು. ತಾಯಿಯ ಸಂತೋಷವನ್ನು ನಂಬಿದ ಮಗ, ದೀಪಾವಳಿಗೆ ಧಾರವಾಡದ ಅತ್ತೆಮಾವಂದಿರನ್ನೂ ತನ್ನ ಎರಡು ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಅದೇ ಹಡಗಿನಲ್ಲಿ ಹೋಗುವುದಾಗಿ ತಿಳಿಸಿದ. ಮುಂಗಡ ಹಣವನ್ನೂ ಕಟ್ಟಿದ್ದ. ಆ ರಾತ್ರಿ ಮುದುಕರಿಬ್ಬರಿಗೂ ನಿದ್ರೆ ಬರಲಿಲ್ಲ. ‘ಕೇಳಿದಿರಾ, ಈಗ ಹೇಳಿದರೆ ಅಂದು ಸುಳ್ಳಾಡಿದ ಹಾಗಾಗುತ್ತದಲ್ಲ’ ಎಂದು ಪತ್ನಿ ಅಂದರು. ಪತಿ ಮಗ್ಗದ ಮಾತು ಹೇಳಿದರು. ಹಾಸಿನ ಒಂದು ಎಳೆ ಕಡಿದರೆ ದೋಷ ಕಡಿದ ಜಾಗಕ್ಕೆ ನಿಲ್ಲುವುದಿಲ್ಲ. ಮಗ್ಗವನ್ನು ನಿಲ್ಲಿಸಿ ಎಳೆಯನ್ನು ಗಂಟು ಹಾಕುವವರೆಗೂ ಬಟ್ಟೆಯುದ್ದಕ್ಕೂ ಗೆರೆಯಾಗಿ ಓಡುತ್ತದೆ. ನೋಡಿದವನು ಯಾವ ಗಳಿಗೆಯಲ್ಲಿ ನೋಡಿದರೂ ಆ ಗಳಿಗೆಯಲ್ಲೇ ನಿಲ್ಲಿಸಬೇಕು. ತಡವಾಯಿತೆಂಬುದು ಇನ್ನಷ್ಟು ನೇಯುವುದಕ್ಕೆ ಕಾರಣವಾಗದು.

ಮಾತನ್ನು ಕೊನೆಗೆ ಆಡಿದವರು ತಾಯಿ. ಬೆಳಗ್ಗೆ ತಾವಾಗಿಯೇ ಫೋನು ಮಾಡಿ, ‘ತಮಾ, ನೀನು ಕೊಟ್ಟದ್ದು ನನಗೆ ದೊಡ್ಡದು. ಆದರೆ ಮಕ್ಕಳನ್ನು ಆ ಹಡಗಿಗೆ ಹತ್ತಿಸಬೇಡ’ ಎಂದರು. ಬಾಲ್ದಿಯಿಂದ ಆರಂಭಿಸಿ ಕಿತ್ತು ಬಂದ ಪಟ್ಟಿಯವರೆಗೆ ಒಂದೊಂದನ್ನೇ ಹೇಳಿದರು. ಮಗನಿಗೆ ಮೊದಲು ನೋವಾಯಿತು, ಆಮೇಲೆ ಸಿಟ್ಟು ಬಂದಿತು. ‘ಅಂದೇ ಏಕೆ ಹೇಳಲಿಲ್ಲ ಆಯಿ?’ ಎಂಬ ಅವನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಮುಂಗಡದಲ್ಲಿ ಅರ್ಧ ಹಣ ಮರಳಿ ಬರಲಿಲ್ಲ. ಕೆಲವು ವಾರ ಫೋನಿನ ಮಾತು ಆರೋಗ್ಯ ವಿಚಾರಣೆಗೆ ಮಾತ್ರ ಸೀಮಿತವಾಗಿತ್ತು.

ಈ ನಡುವೆ ತಂದೆ ಒಂದು ಕಾಗದ ಬರೆದು, ಹಡಗಿನ ಸಂಸ್ಥೆಗೂ ತಪಾಸಣೆಯ ಹೊಣೆ ಹೊತ್ತ ಕಚೇರಿಗೂ ಕಳುಹಿಸಿದರು. ಅದರ ರೂಪ ಗಮನಿಸತಕ್ಕದ್ದು. ಮೊದಲು ಕನ್ನಡದಲ್ಲಿ ಬರೆದು, ಪರಿಚಿತರೊಬ್ಬರಿಂದ ಇಂಗ್ಲಿಷಿಗೆ ಮಾಡಿಸಿದ ಆ ಕಾಗದ ಥಾನಿನ ದೋಷಗಳನ್ನು ಗುರುತಿಸುವ ಚೀಟಿಯಂತಿತ್ತು: ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಕಂಡಿತು. ‘ಎಡಬದಿಯ ಮೂರನೆಯ ದೋಣಿ, ರಾಟೆಯ ಸಂದು ಬಣ್ಣದಿಂದ ಮುಚ್ಚಿದೆ’ ಎಂಬಂಥ ಹನ್ನೊಂದು ಸಾಲುಗಳು. ವಿಶೇಷಣವಿಲ್ಲ, ಆಕ್ರೋಶವಿಲ್ಲ, ಹಣ ಮರಳಿಸಬೇಕೆಂಬ ಬೇಡಿಕೆಯೂ ಇಲ್ಲ. ಊಟ ಸಪ್ಪೆಯಾಗಿತ್ತೆಂಬುದನ್ನು ಅವರು ಸೇರಿಸಲಿಲ್ಲ. ಶೌಚಾಲಯದ ನೀರನ್ನು ಬಿಡಲಿಲ್ಲ. ಸಂಸ್ಥೆಯಿಂದ ಬಂದ ಉತ್ತರದಲ್ಲಿ ವಿಷಾದವೂ ಮುಂದಿನ ಯಾನಕ್ಕೆ ರಿಯಾಯಿತಿಯೂ ಇದ್ದವು, ರಾಟೆಯ ಮಾತಿರಲಿಲ್ಲ. ಕಚೇರಿಯಿಂದ ಕಾಗದ ತಲುಪಿದ ಬಗ್ಗೆ ಒಂದು ಸಾಲು ಬಂದಿತು. ಆ ಸಾಲನ್ನು ಅವರು ಕಡತದಲ್ಲಿ ಜೋಪಾನವಾಗಿಟ್ಟು, ಆರು ತಿಂಗಳ ಮೇಲೆ ಅದರ ಕ್ರಮಾಂಕ ನಮೂದಿಸಿ ಮತ್ತೊಂದು ಕಾಗದ ಬರೆದರು.

ಕನ್ನಡದ ಅಧ್ಯಯನಶೀಲರು ಶಾಸನವನ್ನು ಪ್ರಮಾಣವೆಂದು ಸ್ವೀಕರಿಸುವುದು ಅದು ಸುಂದರವಾಗಿದೆಯೆಂದಲ್ಲ. ಕಂಡದ್ದನ್ನು ಕಾಲ ದೇಶಗಳೊಡನೆ ಹೇಳುತ್ತದೆಂಬ ಕಾರಣಕ್ಕಾಗಿ. ಹನ್ನೊಂದು ಸಾಲುಗಳ ಆ ಕಾಗದಕ್ಕೂ ಅಂಥದೇ ಮರ್ಯಾದೆ ಸಲ್ಲಬೇಕು. ಹಡಗಿಗೆ ಅಧಿಕೃತ ತಪಾಸಣಾಧಿಕಾರಿ ವರ್ಷದ ಯಾವುದೋ ಒಂದು ದಿನ ಬರುತ್ತಾನೆ. ಪ್ರಯಾಣಿಕ ಪ್ರತಿದಿನವೂ ಇರುತ್ತಾನೆ. ಅವನ ನಿರಾಶೆ ಅಲಕ್ಷ್ಯಕ್ಕೆ ಅರ್ಹವಾದ ಸ್ವಂತದ ಬೇಸರವಷ್ಟೇ ಅಲ್ಲ. ವಿವರಗಳೊಡನೆ ನುಡಿದಾಗ ಅದು ಸಾಕ್ಷ್ಯ. ‘ಚೆನ್ನಾಗಿತ್ತು’ ಎಂಬ ಒಂದು ಮಾತಿನಲ್ಲಿ ಅದು ಅಳಿಸಿಹೋಗುತ್ತದೆ.

ಆ ವರ್ಷದ ದೀಪಾವಳಿ ರಜೆಯಲ್ಲಿ ಮಗ ಮಕ್ಕಳನ್ನೂ ಅತ್ತೆಮಾವಂದಿರನ್ನೂ ಕರೆದುಕೊಂಡು ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಹೋದ. ಮಾಲೇಗಾಂವಿನಿಂದ ತಂದೆತಾಯಿಗಳೂ ಬಂದರು. ಶರಾವತಿಯ ಅಳಿವೆಯಲ್ಲಿ ದೋಣಿ ಹತ್ತುವ ಮೊದಲು ಮೊಮ್ಮಗಳು ತನಗೆ ಕೊಟ್ಟ ರಕ್ಷಾಕವಚದ ಪಟ್ಟಿಯನ್ನು ಎರಡು ಸಲ ಜಗ್ಗಿ ನೋಡಿದಳು. ಅಂಬಿಗ ನಗುತ್ತ ಕಾದ. ಯಾರೂ ಅವಳನ್ನು ಗದರಿಸಲಿಲ್ಲ.